ಯಾರೂ ನಿಲ್ಲದ ಜಾಗದಿಂದ ತೆಗೆದ ಫೋಟೋ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುವ ತನ್ನ ಅಕ್ಕನ ಬಗ್ಗೆ ನನ್ನ ವಿದ್ಯಾರ್ಥಿಯೊಬ್ಬ ಕಾಲೇಜಿನ ಸಂಚಿಕೆಗೆ ಲೇಖನ ಬರೆದಿದ್ದ. ಜೊತೆಗೊಂದು ಚಿತ್ರ ಬೇಕಿತ್ತು. ಎಐಗೆ ಅವನು ಮೊದಲು ಬರೆದದ್ದು ಇಷ್ಟೇ: ‘ಕಾರ್ಖಾನೆಯ ಮುಂದೆ ನಿಂತ ಹೆಂಗಸು, ಸುಂದರವಾಗಿರಲಿ.’ ಕ್ಯಾಲೆಂಡರಿನ ಚಿತ್ರವೊಂದು ಬಂತು. ಆಮೇಲೆ ಗೆಳೆಯರು ಹೇಳಿಕೊಟ್ಟಂತೆ ತಿದ್ದಿದ: ‘ಡಾಕ್ಯುಮೆಂಟರಿ ಫೋಟೋ, 85 ಎಂಎಂ ಲೆನ್ಸ್, ಎಫ್/1.8, ಸಂಜೆಯ ಓರೆ ಬೆಳಕು, ಫಿಲ್ಮ್ ಗ್ರೇನ್.’ ಈ ಸಲ ಬಂದ ಮುಖ ನೋಡಿ ನಾನೂ ಬೆರಗಾದೆ. ಯಾರೋ ಗೇಟಿನ ಬಳಿ ಕಾದು ನಿಂತು ತೆಗೆದ ಹಾಗಿತ್ತು. “ಇದನ್ನೇ ಹಾಕಲಾ ಸಾರ್?” ಎಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಎಐ ಒಳಗೆ ಲೆನ್ಸ್ ಇಲ್ಲ. ಅಸಂಖ್ಯ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ವಿವರಣೆಗಳನ್ನೂ ನೋಡಿ ಅದು ಕಲಿತಿದೆ. ‘85 ಎಂಎಂ’ ಎಂದರೆ ಅದು ಬೆಳಕಿನ ಲೆಕ್ಕ ಹಾಕುವುದಿಲ್ಲ. ಆ ಮಾತು ಅಂಟಿಕೊಂಡಿದ್ದ ಫೋಟೋಗಳ ಚಹರೆಯ ಕಡೆಗೆ ವಾಲುತ್ತದೆ. ‘ಸುಂದರ’ ಎಂಬುದು ಸಿಕ್ಕಸಿಕ್ಕ ಚಿತ್ರಕ್ಕೆಲ್ಲ ಅಂಟಿರುವ ಮಾತು, ಹಾಗಾಗಿ ಅದಕ್ಕೆ ದಿಕ್ಕಿಲ್ಲ. ಛಾಯಾಗ್ರಾಹಕರ ಪದಗಳು ಪ್ರಾಂಪ್ಟಿನಲ್ಲಿ ಚೆನ್ನಾಗಿ ಕೆಲಸ ಮಾಡುವುದು ಅವು ಖಚಿತವಾಗಿರುವುದರಿಂದ.

ಆದರೆ ಆ ಖಚಿತತೆ ಬಂದದ್ದು ಎಲ್ಲಿಂದ? 85 ಎಂಎಂನಲ್ಲಿ ಮುಖ ತೆಗೆಯುವವರು ಒಂದೆರಡು ಮೀಟರ್ ದೂರದಲ್ಲಿ ನಿಲ್ಲಬೇಕು. ಎದುರಿನವರಿಗೆ ಅವರು ಕಾಣುತ್ತಾರೆ. 24 ಎಂಎಂ ಆದರೆ ಕೈಯಳತೆಗೇ ಹೋಗಬೇಕು. 200 ಎಂಎಂ ಇದ್ದರೆ ರಸ್ತೆಯಾಚೆಯಿಂದ ಕದ್ದು ತೆಗೆಯಬಹುದು. ಒಂದೊಂದು ಸಂಖ್ಯೆಯ ಹಿಂದೆಯೂ ಇಬ್ಬರು ಮನುಷ್ಯರ ನಡುವಿನ ಅಂತರವಿದೆ, ಕೇಳಿ ತೆಗೆದರೋ ಕೇಳದೆ ತೆಗೆದರೋ ಎಂಬ ಪ್ರಶ್ನೆಯಿದೆ. ಪ್ರಾಂಪ್ಟಿಗೆ ಸಂಖ್ಯೆ ಬಂತು, ಪ್ರಶ್ನೆ ಬರಲಿಲ್ಲ.

ಫೋಟೋ ಯಾವಾಗ ನಿಜ ಹೇಳಿತ್ತು ಎಂದು ನೀವು ಕೇಳಬಹುದು. 1840ರಲ್ಲೇ ಫ್ರಾನ್ಸಿನ ಇಪೊಲಿತ್ ಬಯಾರ್ ನೀರಿಗೆ ಬಿದ್ದು ಸತ್ತವನಂತೆ ಕೂತು ತನ್ನದೇ ಫೋಟೋ ತೆಗೆದುಕೊಂಡಿದ್ದ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ಗಾಗಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಆ ಹೆಸರಾಂತ ಬೆಳಕಿನ ಕೋಲನ್ನು ಮೂಡಿಸಿದರು. ನಿಜ, ಕೃತಕತೆ ತಪ್ಪಲ್ಲ. ಮೂರ್ತಿಯವರ ಬೆಳಕನ್ನು ನಾವು ಸಿನಿಮಾ ಎಂದು ಗೊತ್ತಿದ್ದೇ ನೋಡುತ್ತೇವೆ. ‘ಡಾಕ್ಯುಮೆಂಟರಿ’ ಎಂಬ ಪದದ ಕೆಲಸ ಬೇರೆ. ‘ನಾನು ಅಲ್ಲಿದ್ದೆ’ ಎಂದು ಅದು ಸಾಕ್ಷಿ ನುಡಿಯುತ್ತದೆ. ಯಾರೂ ಇರದ ಕಡೆ ಆ ಪದ ಬಳಸುವುದೆಂದರೆ ಸುಳ್ಳುಸಾಕ್ಷಿ ಹೇಳಿಸಿದಂತೆ.

“ಎಫ್/11 ಅಂತ ಬರೆದು ನೋಡು” ಎಂದೆ. ಮಸುಕಾಗಿದ್ದ ಹಿನ್ನೆಲೆ ಸ್ಪಷ್ಟವಾಯಿತು. ಬೋರ್ಡಿನ ಮೇಲೆ ಕನ್ನಡದಂತೆ ಕಾಣುವ, ಓದಲಾಗದ ಅಕ್ಷರಗಳು. ಆ ಗೇಟು, ಆ ರಸ್ತೆ ಯಾವೂರಿನದೂ ಅಲ್ಲ. ಎಫ್/1.8ರ ಚೆಂದದ ಮಸುಕು ಇಷ್ಟು ಹೊತ್ತು ಮುಚ್ಚಿಟ್ಟಿದ್ದು ಇದನ್ನೇ: ಅಲ್ಲಿ ಹಾರೋಹಳ್ಳಿಯೇ ಇರಲಿಲ್ಲ.

ಮರುದಿನ ಶಿಫ್ಟು ಬಿಡುವ ಹೊತ್ತಿಗೆ ಹುಡುಗ ಫೋನು ಹಿಡಿದು ಗೇಟಿನ ಹತ್ತಿರ ಹೋದ. ಅಕ್ಕ ಒಪ್ಪಲಿಲ್ಲ. “ಮುಖ ಮಾತ್ರ ಬೇಡ ಕಣೋ, ಸೂಪರ್‌ವೈಸರ್ ನೋಡಿದ್ರೆ ಸುಮ್ನಿರಲ್ಲ” ಅಂದಳಂತೆ. ಊಟದ ಡಬ್ಬಿ ಹಿಡಿದ ಅವಳ ಕೈ ತೆಗೆದುಕೊಂಡು ಬಂದ. ಸ್ವಲ್ಪ ಅಲುಗಿತ್ತು, ಬೆಳಕೂ ಸಾಲದು. ಅದನ್ನೇ ಹಾಕಿದೆವು.

ಎಐ ಚಿತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಕಥೆಗೆ, ಕನಸಿಗೆ ಬಳಸೋಣ, ಅಡಿಯಲ್ಲಿ ಹಾಗೆಂದು ಬರೆಯೋಣ. ಲೆನ್ಸು, ಬೆಳಕುಗಳ ಪದಗಳನ್ನು ಕಲಿತರೆ ನೋಡುವುದನ್ನೂ ಕಲಿತಂತೆ. ಆದರೆ ಪರದೆಯ ಮೇಲಿನ ಆ ಹೆಂಗಸನ್ನು ಏನು ಮಾಡಿದರೂ ಅವಳು ‘ಬೇಡ’ ಎನ್ನುವುದಿಲ್ಲ. ಅಕ್ಕ ಅಂದಳು. ಆ ಲೇಖನದಲ್ಲಿ ಇರಬೇಕಾಗಿದ್ದ ಮಾತೂ ಅದೇ ಎಂದು ಹುಡುಗ ಆಮೇಲೆ ಅದನ್ನು ಸೇರಿಸಿ ಬರೆದ.