ಮಂಡಿ ಊರದ ನಮಸ್ಕಾರ

ಸಾಷ್ಟಾಂಗ ನಮಸ್ಕಾರದ ಎಂಟು ಅಂಗ ಯಾವುವು ಎಂದು ಕೇಳಿದರೆ ಹೆಚ್ಚಿನವರು ಎದೆ, ತಲೆ, ಕೈ, ಪಾದ, ಮಂಡಿ ಎಂದು ಎಣಿಸಿ ಅಲ್ಲಿಗೆ ತಡವರಿಸುತ್ತಾರೆ. ಉಳಿದ ಮೂರು ಕಣ್ಣು, ಮಾತು, ಮನಸ್ಸು. ಶಾಸ್ತ್ರಕಾರರು ಈ ಮೂರನ್ನೂ ಮಂಡಿಯ ಜೊತೆಗೇ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಮಂಡಿ ಗಟ್ಟಿಯಿರುವ ತನಕ ಈ ಲೆಕ್ಕದ ಗೊಡವೆ ಯಾರಿಗೂ ಬೇಡ. ಕಾಲಿನೊಳಗೆ ಲೋಹದ ಕೀಲು ಕೂತ ಮೇಲೆ ಅದು ಒಮ್ಮೆಲೇ ಬದುಕಿನ ಪ್ರಶ್ನೆಯಾಗುತ್ತದೆ.

ಕುಂದಾಪುರದಿಂದ ಆರೇಳು ಕಿಲೋಮೀಟರ್ ಒಳಗೆ, ವಾರಾಹಿ ನದಿಯ ದಂಡೆಯ ಬಸ್ರೂರಿನಂಥ ಊರಿನಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದು 1569ರಲ್ಲಿ ವಶಪಡಿಸಿಕೊಂಡ, 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಸೂರೆ ಮಾಡಿದ ಬಂದರು ಇದು. ವ್ಯಾಪಾರ ಹೋಯಿತು, ದೇವಸ್ಥಾನಗಳು ಉಳಿದವು. ಮಹಾಲಿಂಗೇಶ್ವರ ಇದ್ದಾನೆ, ಆಲದ ಬೇರುಗಳೇ ಗರ್ಭಗುಡಿಯಾಗಿ ಹಬ್ಬಿ ನಿಂತ ತುಳುವೇಶ್ವರ ಇದ್ದಾನೆ. ಇಲ್ಲಿ ಭಕ್ತಿ ಎಂದರೆ ಹತ್ತುವುದು, ಇಳಿಯುವುದು, ಸುತ್ತು ಬರುವುದು, ಅಡ್ಡ ಬೀಳುವುದು. ಅದರ ಅರ್ಧ ಕೆಲಸ ಮಂಡಿಯದ್ದು. ಹರಕೆಯ ಯಕ್ಷಗಾನ ಆಟಕ್ಕೆ ಹೋದರೆ ಅಲ್ಲೂ ಬಡಗುತಿಟ್ಟಿನ ವೇಷಧಾರಿ ಮಂಡಿ ಊರಿ ರಂಗಸ್ಥಳ ಸುತ್ತುತ್ತಾನೆ. ಆಪರೇಷನ್ ಮಾಡಿಸಿಕೊಂಡ ಹಿರಿಯರ ಬಾಯಲ್ಲಿ ಬರುವ ಮೊದಲ ದೂರು ನೋವಿನದ್ದಲ್ಲ: "ಅಡ್ಡ ಬೀಳೂಕ್ ಆತಿಲ್ಲೆ ಕಾಣಿ."

ಮಂಡಿ ಬದಲಾವಣೆ ಎಂದರೆ ಇಡೀ ಮಂಡಿಯನ್ನು ಕಿತ್ತು ಬೇರೆ ಇಡುವುದಲ್ಲ. ತೊಡೆಯೆಲುಬಿನ ತುದಿ ಮತ್ತು ಮೊಣಕಾಲ ಕೆಳಗಿನ ಎಲುಬಿನ ತಲೆ, ಈ ಎರಡರ ಸವೆದ ಮೇಲ್ಪದರವನ್ನು ಗರಗಸದಿಂದ ತೆಳುವಾಗಿ ಕತ್ತರಿಸಿ ತೆಗೆಯುತ್ತಾರೆ. ಮೇಲಿನದಕ್ಕೆ ಕೋಬಾಲ್ಟ್-ಕ್ರೋಮಿಯಂನ ಕವಚ, ಕೆಳಗಿನದಕ್ಕೆ ಹೆಚ್ಚಾಗಿ ಟೈಟೇನಿಯಂನ ತಟ್ಟೆ, ನಡುವೆ ಜಾರಲು ಪಾಲಿಥಿಲೀನ್. ಸೊಂಟದ ಕೀಲಿಗೆ ಇದೇ ಜಾತಿಯ ಜೋಡಣೆಯನ್ನು 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಪಳಗಿಸಿದರು. ಅದಕ್ಕೂ ಮೊದಲು ಅವರು ನಂಬಿದ್ದ ಟೆಫ್ಲಾನ್ ಕೆಲವೇ ವರ್ಷಗಳಲ್ಲಿ ಸವೆದು ಹೋಗಿ, ರೋಗಿಗಳನ್ನು ಮತ್ತೆ ಮೇಜಿನ ಮೇಲೆ ಮಲಗಿಸಬೇಕಾಯಿತು. ನಮ್ಮ ದೇಶದ ಜನಸಾಮಾನ್ಯರ ಕಿವಿಗೆ ಈ ಚಿಕಿತ್ಸೆಯ ಹೆಸರು ಬಿದ್ದದ್ದು ಪ್ರಧಾನಿ ವಾಜಪೇಯಿ 2000ದಲ್ಲಿ ಒಂದು ಮಂಡಿ, 2001ರಲ್ಲಿ ಇನ್ನೊಂದು ಮಂಡಿ ಬದಲಿಸಿಕೊಂಡಾಗ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆಗೆ 54,720 ರೂಪಾಯಿಯ ಮಿತಿ ಹಾಕಿತು. ಮಣಿಪಾಲದ ಆಸ್ಪತ್ರೆಯ ದಾರಿ ಹಿಡಿಯಲು ಹಿಂಜರಿಯುತ್ತಿದ್ದ ಮನೆಗಳಿಗೆ ಇದರಿಂದ ತುಸು ಧೈರ್ಯ ಬಂದಿರಬೇಕು. ಆಪರೇಷನ್ ಆದ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಆಮೇಲಿನ ವಾರಗಳೆಲ್ಲ ಡಿಗ್ರಿಯ ಲೆಕ್ಕ: ತೊಂಬತ್ತು ಬಗ್ಗಿತೇ, ನೂರು ಬಗ್ಗಿತೇ, ನೂರಿಪ್ಪತ್ತು?

ಕುರ್ಚಿಯಿಂದ ಏಳಲು ತೊಂಬತ್ತರ ಮೇಲೆ ಸ್ವಲ್ಪ ಸಾಕು. ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಲು, ಕುಕ್ಕರಗಾಲಲ್ಲಿ ಕೂತು ಅಂಗಳಕ್ಕೆ ರಂಗೋಲಿ ಬಿಡಲು ಅದು ಸಾಲದು. ಸೊಂಟದ ಕೀಲಾದರೆ ಮೊದಲ ಕೆಲವು ವಾರ ಕಟ್ಟುನಿಟ್ಟು ಇನ್ನೂ ಹೆಚ್ಚು. ತಗ್ಗಿನ ಆಸನ ಬೇಡ, ಕಾಲ ಮೇಲೆ ಕಾಲು ಬೇಡ, ಬಗ್ಗಿ ಹಿರಿಯರ ಪಾದ ಮುಟ್ಟುವುದೂ ಬೇಡ. ಕೀಲು ಜಾರೀತು ಎಂಬ ಭಯ.

ದೇವಸ್ಥಾನದ ಮೆಟ್ಟಿಲಿಗೆ ಬಂದರೆ ಇನ್ನೊಂದು ತಕರಾರು. ಫಿಸಿಯೋಥೆರಪಿಯವರ ಪಾಠ ಹೀಗೆ: ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ. ಅಜ್ಜಿಯ ಪಾಠ ಹೀಗೆ: ಹೊಸ್ತಿಲು ದಾಟುವಾಗ ಬಲಗಾಲು ಮುಂದೆ. ಬದಲಾದದ್ದು ಬಲಮಂಡಿಯೇ ಆಗಿದ್ದರೆ? ಗಂಟೆ ಕಟ್ಟಿದ ಬಾಗಿಲ ಕೆಳಗೆ ನಿಂತು, ಎಡಗಾಲು ಎತ್ತಿ, ಮತ್ತೆ ಇಳಿಸಿ, ಹಿಂದಿನವರಿಗೆ ದಾರಿ ಬಿಡುವ ಹೆಂಗಸರನ್ನು ಯಾವ ಜಾತ್ರೆಯಲ್ಲೂ ಕಾಣಬಹುದು. ವಾಕರಿನ ನಾಲ್ಕು ರಬ್ಬರ್ ಬುಡಗಳನ್ನು ನಲ್ಲಿಯಡಿ ತೊಳೆದು ಒಳಗೆ ತರುವವರಿದ್ದಾರೆ. ಮಳೆಗಾಲದಲ್ಲಿ ಒದ್ದೆ ಕಲ್ಲು ಹಾಸಿನ ಮೇಲೆ ಬರಿಗಾಲ ಪ್ರದಕ್ಷಿಣೆ ನಿಜಕ್ಕೂ ಅಪಾಯ. ನಿಂತಲ್ಲೇ ತಿರುಗುವ ಆತ್ಮಪ್ರದಕ್ಷಿಣೆ ಸುಲಭವೆಂದು ಕಂಡರೂ ಪಾದ ಊರಿಟ್ಟು ಮಂಡಿ ತಿರುಚುವುದನ್ನೇ ವೈದ್ಯರು ಬೇಡವೆನ್ನುವುದು. ಅದಕ್ಕೂ ಚಿಕ್ಕ ಚಿಕ್ಕ ಹೆಜ್ಜೆ ಎತ್ತಿಟ್ಟು ಸುತ್ತಬೇಕು.

ಮಂಡಿಯನ್ನು ಹೀಗೆ ಲೆಕ್ಕಕ್ಕೆ ಹಿಡಿದಿರುವುದು ಹಿಂದೂಗಳು ಮಾತ್ರವಲ್ಲ. ನಮಾಜಿನ ಸಜ್ದಾದಲ್ಲಿ ನೆಲಕ್ಕೆ ತಾಗಬೇಕಾದ ಏಳು ಅಂಗಗಳಲ್ಲಿ ಎರಡು ಮಂಡಿಗಳೇ. ಕುಂದಾಪುರದ ರೋಜರಿ ಮಾತೆಯ ಚರ್ಚ್ 1570ರದ್ದು. ಬಸ್ರೂರಿನಲ್ಲೂ ಸಂತ ಫಿಲಿಪ್ ನೇರಿಯ ಹೆಸರಿನ ಚರ್ಚಿದೆ. ಅಲ್ಲಿ ಬಲಿಪೂಜೆಯ ಮುಖ್ಯ ಘಳಿಗೆಯಲ್ಲಿ ಜನ ಮೊಣಕಾಲೂರುತ್ತಾರೆ. ಮಂಡಿಗೆ ಇಷ್ಟು ಕೆಲಸ ಕೊಟ್ಟ ಇದೇ ಧರ್ಮಗಳು ಅದಕ್ಕೆ ರಜೆಯನ್ನೂ ಬರೆದಿಟ್ಟಿವೆ. ಮೂಲವ್ಯಾಧಿಯಿಂದ ನರಳುತ್ತಿದ್ದ ಇಮ್ರಾನ್ ಬಿನ್ ಹುಸೈನ್ ಎಂಬ ಅನುಯಾಯಿಗೆ ಪ್ರವಾದಿಯವರು ನಿಂತು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಪ್ರಾರ್ಥಿಸಲು ಹೇಳಿದ ಹದೀಸ್ ಇದೆ. ಕೆಥೋಲಿಕರ ಪೂಜಾ ನಿಯಮಾವಳಿಯಲ್ಲಿ ಮೊಣಕಾಲೂರಲು ಆಗದವರು ಆಳವಾಗಿ ಬಾಗಿ ವಂದಿಸಿದರಾಯಿತು ಎಂದಿದೆ. ವೈದಿಕರಲ್ಲಿ ಕಾಯಿಕ, ವಾಚಿಕ, ಮಾನಸಿಕ ಎಂಬ ಮೂರು ಬಗೆಯ ನಮಸ್ಕಾರ ಮೊದಲಿನಿಂದಲೂ ಇದೆ. ಪತಂಜಲಿಯ ಯೋಗಸೂತ್ರವೂ ಆಸನದಿಂದ ಬಯಸುವುದು ಸ್ಥಿರತೆ ಮತ್ತು ಸುಖ. ಕಾಲನ್ನು ಹೇಗೆ ಮಡಚಬೇಕೆಂಬ ಗೋಜಿಗೆ ಹೋಗಿಲ್ಲ.

ಹಾಗಾದರೆ ಸಮಸ್ಯೆ ಎಲ್ಲಿದೆ?

ರಿಯಾಯಿತಿ ಕೊಡುವುದು ಸುಲಭ, ಪಡೆಯುವುದು ಕಷ್ಟ. "ಮನಸ್ಸಿನಲ್ಲೇ ನಮಸ್ಕಾರ ಮಾಡಿ, ದೇವರಿಗೆ ಗೊತ್ತಾಗುವುದಿಲ್ವಾ" ಎಂದು ಹೇಳುವವರ ಮಂಡಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅರವತ್ತು ವರ್ಷ ದಿನಾ ತುಳಸಿಕಟ್ಟೆಯ ಮುಂದೆ ಹಣೆ ಹಚ್ಚಿದ ದೇಹಕ್ಕೆ ಆ ಬಾಗುವಿಕೆ ಒಳಗಿನ ಭಕ್ತಿಯ ಹೊರಗಿನ ಗುರುತು ಮಾತ್ರವಾಗಿರಲಿಲ್ಲ. ಭಕ್ತಿ ಹುಟ್ಟುತ್ತಿದ್ದ ಜಾಗವೇ ಅದಾಗಿತ್ತು. ನೆಲದ ತಂಪು ಹಣೆಗೆ ತಾಗಿದ ಮೇಲೆಯೇ ಮನಸ್ಸು ತಗ್ಗುತ್ತಿತ್ತು. ಕುರ್ಚಿಯ ಮೇಲೆ ಕೈಮುಗಿದರೆ ಮನಸ್ಸು ಕುರ್ಚಿಯ ಮಟ್ಟದಲ್ಲೇ ಉಳಿಯುತ್ತದೆ ಎಂದು ಅವರಿಗೆ ಅನಿಸಿದರೆ ಅದನ್ನು ಅಜ್ಞಾನ ಎನ್ನಬಾರದು.

ಹೆಂಗಸರ ಪಾಲಿಗಂತೂ ಇದು ದುಪ್ಪಟ್ಟು. ಸಂಪ್ರದಾಯದಲ್ಲಿ ಅವರಿಗೆ ಸಾಷ್ಟಾಂಗವಿಲ್ಲ, ಪಂಚಾಂಗ: ಎರಡು ಕೈ, ಎರಡು ಮಂಡಿ, ತಲೆ. ಇಡೀ ಭಂಗಿ ನಿಂತಿರುವುದೇ ಮಂಡಿಯ ಮೇಲೆ. ಭಾರತದಲ್ಲಿ ಮಂಡಿ ಬದಲಿಸಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ಉದ್ದಕ್ಕೆ ಮಲಗಿ ಬಿಡುವ ಗಂಡಸಿಗೆ ಹೇಗೋ ಒಂದು ಉಪಾಯವಿದೆ; ಯಾರ ನಮಸ್ಕಾರ ಪೂರ್ತಿ ಮಂಡಿಯನ್ನು ನಂಬಿದೆಯೋ ಅವರದ್ದೇ ಮಂಡಿ ಮೊದಲು ಕೈಕೊಡುತ್ತಿದೆ. ಶಾಸ್ತ್ರ ಬರೆದವರಿಗೆ ಈ ಅಂಕಿಅಂಶ ಸಿಕ್ಕಿರಲಿಲ್ಲ.

ಇಲ್ಲಿ ವೈದ್ಯಕೀಯದ ಒಂದು ಮಾತು ಸೇರಿಸಬೇಕು, ಏಕೆಂದರೆ ಎಷ್ಟೋ ಜನ ಇಲ್ಲದ ನಿಷೇಧವನ್ನು ಪಾಲಿಸುತ್ತಿದ್ದಾರೆ. ಗಾಯ ಪೂರ್ತಿ ಮಾಗಿದ ಮೇಲೆ, ಮೆತ್ತಗಿನ ದಿಂಬಿನ ಮೇಲೆ ಮಂಡಿ ಊರಿದರೆ ಹೊಸ ಕೀಲು ಸಾಮಾನ್ಯವಾಗಿ ಹಾಳಾಗುವುದಿಲ್ಲ. ಊರಗೊಡದಿರುವುದು ಹೆದರಿಕೆ, ಮತ್ತು ಜೋಮು. ಛೇದದ ದಾರಿಯಲ್ಲಿ ಬರುವ ಚಿಕ್ಕ ನರವೊಂದು ತುಂಡಾಗುವುದರಿಂದ ಮಂಡಿಯ ಹೊರಬದಿಯ ಚರ್ಮಕ್ಕೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ಊರಿದರೆ ಬೇರೆ ಯಾರದ್ದೋ ಮಂಡಿಯಂತೆ ಅನಿಸುತ್ತದೆ. ಆಪರೇಷನ್ ಮಾಡಿದವರನ್ನು ಕೇಳಿ, ಮಂಚದ ಮೇಲೆ ಅಭ್ಯಾಸ ಮಾಡಿ, ಏಳುವಾಗ ಹಿಡಿಯಲು ಗಟ್ಟಿ ಸ್ಟೂಲೊಂದನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಮಂಡಿ ಊರಲು ಕಲಿತವರಿದ್ದಾರೆ. ಎಲ್ಲರಿಗೂ ಆಗುವುದಿಲ್ಲ. ಆದರೆ ಕೇಳದೆಯೇ ಬಿಟ್ಟುಬಿಡುವುದು ಅನ್ಯಾಯ.

ಇನ್ನೂ ಆಳದಲ್ಲಿ ಇನ್ನೊಂದು ಅಳುಕು ಇದೆ, ವಿಶೇಷವಾಗಿ ಪೂಜೆಯನ್ನೇ ವೃತ್ತಿ ಮಾಡಿಕೊಂಡ ಮನೆಗಳಲ್ಲಿ. ಅರ್ಚಕ ಅಂಗಹೀನನಾಗಿರಬಾರದು ಎನ್ನುತ್ತವೆ ಆಗಮಗಳು. ಮಹಾಭಾರತದಲ್ಲಿ ಚರ್ಮರೋಗದ ಕಾರಣಕ್ಕೇ ದೇವಾಪಿಗೆ ಸಿಂಹಾಸನ ತಪ್ಪಿತು. ಎಲುಬು ಕತ್ತರಿಸಿ ಲೋಹ ಕೂರಿಸಿದ ದೇಹ ಪೂರ್ಣವೋ, ಊನವೋ? ಉಡುಪಿಯ ಸೀಮೆಯಲ್ಲಿ ಮಧ್ವಮತದವರು ಸ್ಥೂಲದೇಹ, ಲಿಂಗದೇಹ, ಅದಕ್ಕೂ ಒಳಗೆ ಜೀವನದ್ದೇ ಆದ ಸ್ವರೂಪದೇಹ ಎಂದು ಹೇಳುತ್ತಾರೆ; ಶಸ್ತ್ರವೈದ್ಯರ ಗರಗಸ ಮುಟ್ಟುವುದು ಮೊದಲನೆಯದನ್ನು ಮಾತ್ರ. ಋಗ್ವೇದದ ಮೊದಲ ಮಂಡಲದಲ್ಲಿ ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲು ಜೋಡಿಸಿ ಮತ್ತೆ ಓಡುವಂತೆ ಮಾಡಿದ ಪ್ರಸ್ತಾಪವಿದೆ. ಆ ಕಾಲನ್ನು ಕಳಂಕವೆಂದಲ್ಲ, ದೇವತೆಗಳ ಹೆಗ್ಗಳಿಕೆಯೆಂದೇ ಅಲ್ಲಿ ಹೊಗಳಿರುವುದು.

ಆದರೆ ಉತ್ತರಕ್ಕೆ ವೇದದವರೆಗೆ ಹೋಗಬೇಕಾಗಿಯೇ ಇಲ್ಲ. ಕರಾವಳಿಯ ಪ್ರತಿ ಊರಿನಲ್ಲೂ ಹನ್ನೆರಡು ವರ್ಷಕ್ಕೊಮ್ಮೆ ಅದು ಕಣ್ಣೆದುರೇ ನಡೆಯುತ್ತದೆ. ದೇವರ ಬಿಂಬವನ್ನು ಪೀಠಕ್ಕೆ ಹಿಡಿದಿಡುವ ಅಷ್ಟಬಂಧ ಅಭಿಷೇಕದ ನೀರಿಗೆ, ಕಾಲಕ್ಕೆ ಸವೆಯುತ್ತದೆ. ಆಗ ಬಿಂಬದ ಚೈತನ್ಯವನ್ನು ಕಲಶಕ್ಕೆ ತಂದು, ಹಳೆಯ ಬಂಧ ಕಿತ್ತು, ಎಂಟು ದ್ರವ್ಯ ಕುಟ್ಟಿ ಕಲಸಿದ ಹೊಸ ಪಾಕವನ್ನು ಸಂದಿಗೆ ತುಂಬಿ, ಗಟ್ಟಿಯಾದ ಮೇಲೆ ಬ್ರಹ್ಮಕಲಶ ಮಾಡುತ್ತಾರೆ. ಆಪರೇಷನ್ ಕೋಣೆಯಲ್ಲೂ ಪುಡಿ ಮತ್ತು ದ್ರವ ಕಲಸಿ, ಹಿಟ್ಟಿನ ಹದಕ್ಕೆ ಬಂದಾಗ ಎಲುಬಿಗೆ ಮೆತ್ತಿ ಲೋಹವನ್ನು ಕೂರಿಸುತ್ತಾರೆ. ಹಲ್ಲಿನ ವೈದ್ಯರ ಬಳಕೆಯಲ್ಲಿದ್ದ ಅಕ್ರಿಲಿಕ್ ಸಿಮೆಂಟನ್ನು ಕೀಲಿಗೆ ರೂಢಿಗೆ ತಂದವರೂ ಚಾರ್ನ್‌ಲಿಯೇ. ಅಷ್ಟು ಹೊತ್ತು ರೋಗಿಯ ಎಚ್ಚರ ಎಲ್ಲೋ ಇರುತ್ತದೆ. ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಹೊತ್ತು ಬಂದ ಯಾರೊಬ್ಬರೂ "ಇವ ಮೊದಲಿನ ದೇವರೇ ಹೌದೋ" ಎಂದು ಕೇಳುವುದಿಲ್ಲ. ಜೀರ್ಣೋದ್ಧಾರದಿಂದ ದೇವರಿಗೆ ಊನ ಬರುವುದಿಲ್ಲ, ಸಾನ್ನಿಧ್ಯ ಹೆಚ್ಚುತ್ತದೆ ಎಂಬುದೇ ಇಲ್ಲಿನ ನಂಬಿಕೆ. ದೇವರ ಪೀಠಕ್ಕೆ ಒಪ್ಪಿದ ನ್ಯಾಯ ಭಟ್ಟರ ಮಂಡಿಗೆ ಯಾಕೆ ಒಪ್ಪಬಾರದು? ಬಾಳಿಕೆಯಲ್ಲಿ ಮಂಡಿಯೇ ಒಂದು ಕೈ ಮೇಲು: 2019ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು ಶೇಕಡಾ 82ರಷ್ಟು 25 ವರ್ಷ ಬಾಳುತ್ತವೆ. ಸೊಂಟದ್ದು 58.

ಪೂಜೆಯ ಕಡೆಯಿಂದ ಬರುವ ಆಕ್ಷೇಪಕ್ಕಿಂತ ನೆರೆಯವರ ಕಣ್ಣೇ ಹೆಚ್ಚು ಚುಚ್ಚುವುದು. ಸ್ವಾಮಿಗಳು ಮಣೆಯ ಮೇಲಿರುವಾಗ ಎದುರು ಕುರ್ಚಿ ಹಾಕಿಸಿಕೊಂಡು ಕೂರುವುದು, ಪಂಕ್ತಿ ನೆಲದ ಮೇಲೆ ಉಣ್ಣುವಾಗ ತಾನೊಬ್ಬ ಮೂಲೆಯ ಮೇಜಿನಲ್ಲಿ ಎಲೆ ಹಾಕಿಸಿಕೊಳ್ಳುವುದು ಸಣ್ಣ ಸಂಗತಿಗಳೇ. ಆದರೂ ಇವುಗಳ ಸಂಕೋಚಕ್ಕೇ ಮದುವೆ-ಉಪನಯನಗಳಿಗೆ ಹೋಗುವುದನ್ನು ನಿಲ್ಲಿಸಿದ ಹಿರಿಯರು ಕಡಿಮೆಯಿಲ್ಲ. ದೊಡ್ಡ ದೇವಸ್ಥಾನಗಳ ಭೋಜನಶಾಲೆಗಳಲ್ಲಿ ಎಲ್ಲರಿಗೂ ಮೇಜು-ಬೆಂಚು ಬಂದದ್ದು ಅನುಕೂಲಕ್ಕಾಗಿ. ಮಂಡಿ ನೋವಿನವರನ್ನು ಮತ್ತೆ ಪಂಕ್ತಿಯೊಳಗೆ ತಂದ ಪುಣ್ಯವೂ ಅದಕ್ಕೆ ಸಲ್ಲುತ್ತದೆ.

ಕೊನೆಗೆ ಉಳಿಯುವುದು ಚಿತೆಯ ಪ್ರಶ್ನೆ. ಪಾಲಿಥಿಲೀನ್ ಸುಟ್ಟು ಹೋಗುತ್ತದೆ, ಸಿಮೆಂಟೂ ಹೋಗುತ್ತದೆ. ಕೋಬಾಲ್ಟ್-ಕ್ರೋಮಿಯಂ ಕರಗಲು 1,300 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಟೈಟೇನಿಯಂಗೆ 1,668. ಸೌದೆಯ ಬೆಂಕಿ ಅಲ್ಲಿಗೆ ಮುಟ್ಟುವುದಿಲ್ಲ. ಅಸ್ಥಿ ಸಂಚಯನದ ದಿನ ಬೂದಿ ಕೆದಕಿದವರಿಗೆ ಎಲುಬಿನ ಚೂರುಗಳ ನಡುವೆ ಕಪ್ಪಗಾದ, ಆಕಾರ ಕೆಡದ ಲೋಹದ ಮಂಡಿ ಸಿಗುತ್ತದೆ. ಮಡಕೆಗೆ ಹಾಕಬೇಕೇ, ಬಿಸಾಡಬೇಕೇ? ಬದುಕಿದ್ದಾಗ ಅದು ದೇಹದ ಭಾಗವೇ ಆಗಿತ್ತು, ಅದರ ಮೇಲೇ ದೇವಸ್ಥಾನಕ್ಕೆ ನಡೆದದ್ದು. ಆದರೆ ಅಸ್ಥಿಯಂತೆ ಅದು ನೀರಿನಲ್ಲಿ ಕರಗುವುದಿಲ್ಲ, ಪಂಚಭೂತಗಳಿಗೆ ಸೇರುವುದೂ ಇಲ್ಲ. ನದಿಗೆ ಹಾಕಿದರೆ ನದಿಗೆ ಭಾರ, ಅಷ್ಟೇ. ನೆದರ್ಲೆಂಡ್ಸ್‌ನಲ್ಲಿ 1997ರಲ್ಲಿ ಶುರುವಾದ ಆರ್ಥೋಮೆಟಲ್ಸ್ ಎಂಬ ಸಂಸ್ಥೆ ಚಿತಾಗಾರಗಳಿಂದ ಇಂಥ ಲೋಹವನ್ನೇ ಒಟ್ಟುಮಾಡಿ ಕರಗಿಸಿ ಮರುಬಳಕೆಗೆ ಕೊಡುತ್ತಿದೆ. ಇಲ್ಲಿನ ರುದ್ರಭೂಮಿಗಳಲ್ಲಿ ಅದಕ್ಕೆಂದು ಒಂದು ಡಬ್ಬ ಇಡಲು ಯಾವ ಶಾಸ್ತ್ರದ ಅಡ್ಡಿಯೂ ಇದ್ದಂತಿಲ್ಲ. ಪಂಚಾಯಿತಿಯ ಒಂದು ನಿರ್ಣಯ, ಒಂದು ಬೀಗ, ತಿಂಗಳಿಗೊಮ್ಮೆ ತೆಗೆಯುವ ಒಬ್ಬ ಮನುಷ್ಯ ಸಾಕು.