ಮದ್ದೇ ಚಟವಾದಾಗ

ಮುದ್ದೇಬಿಹಾಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬೆನ್ನುನೋವಿಗೆಂದು ವೈದ್ಯರು ಒಂದು ವಾರದ ಮಟ್ಟಿಗೆ ಟ್ರಮಡಾಲ್ ಮಾತ್ರೆ ಬರೆದುಕೊಟ್ಟರು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಬಿಟ್ಟ ದಿನ ಮೈಕೈ ಸೆಳೆತ, ಬೆವರು, ಭೇದಿ, ರಾತ್ರಿ ನಿದ್ದೆಯಿಲ್ಲ. ಆತ ಎಂದೂ ಸೆರೆ ಮುಟ್ಟಿದವನಲ್ಲ. ಅವನನ್ನು ಚಟಗಾರ ಎನ್ನಬೇಕೇ, ರೋಗಿ ಎನ್ನಬೇಕೇ?

ಕೈಯಲ್ಲಿ ಬಾಟಲಿಯಿದ್ದರೆ ಪಾಪಿ, ವೈದ್ಯರ ಚೀಟಿಯಿದ್ದರೆ ರೋಗಿ ಎಂಬುದು ನಮ್ಮ ಅಳತೆಗೋಲು. ಇದು ಎಷ್ಟು ಪೊಳ್ಳು ಎಂಬುದಕ್ಕೆ ಮೆಥಡೋನ್ ಸಾಕ್ಷಿ. 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ತಯಾರಾದ ಈ ನೋವುನಿವಾರಕವನ್ನು 1960ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯರು ಹೆರಾಯಿನ್ ವ್ಯಸನಿಗಳ ಚಿಕಿತ್ಸೆಗೆ ಬಳಸಿದರು. ವೈದ್ಯರ ನಿಗಾದಲ್ಲಿ ದಿನಕ್ಕೊಮ್ಮೆ ಕೊಟ್ಟರೆ ಅದು ಮನುಷ್ಯನನ್ನು ಸೂಜಿಯಿಂದ ಬಿಡಿಸಿ ಮನೆಗೆ, ದುಡಿಮೆಗೆ ಮರಳಿಸುತ್ತದೆ. ಅದನ್ನೇ ಮನಬಂದಂತೆ ಸೇವಿಸಿದರೆ ಹೊಸ ಚಟವಾಗುತ್ತದೆ. ಅಳತೆ ಮೀರಿದರೆ ಉಸಿರನ್ನೇ ನಿಲ್ಲಿಸುತ್ತದೆ.

ದೇಹ ಮದ್ದಿಗೆ ಒಗ್ಗಿಕೊಳ್ಳುವುದು ಬೇರೆ, ಮನುಷ್ಯ ಮದ್ದಿನ ಅಡಿಯಾಳಾಗುವುದು ಬೇರೆ. ಹೇಳಿದ್ದಕ್ಕಿಂತ ಹೆಚ್ಚು ನುಂಗುವುದು, ಮನೆಯವರಿಂದ ಮುಚ್ಚಿಡುವುದು, ಕೂಲಿಯ ಹಣವನ್ನೆಲ್ಲ ಮಾತ್ರೆಗೆ ಸುರಿಯುವುದು, ಕೇಡನ್ನು ಕಂಡೂ ಬಿಡಲಾಗದಿರುವುದು: ಚಟದ ಗುರುತುಗಳು ಇವು.

ಗುರುತು ಸಿಕ್ಕೊಡನೆ ನಾವು ಮಾಡುವುದೇನು? "ಇವತ್ತೇ ಆಣಿ ಮಾಡು" ಎನ್ನುತ್ತೇವೆ. ಆದರೆ ಇಂಥ ಮದ್ದನ್ನು ಒಮ್ಮೆಲೇ ಬಿಟ್ಟವನ ಸಂಕಟ ಅವನನ್ನು ಮತ್ತೆ ಅದರತ್ತಲೇ ಎಳೆಯುತ್ತದೆ. ಕೆಲವು ವಾರ ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಾಳಲಾರದು. ಮತ್ತೆ ಅಷ್ಟೇ ನುಂಗಿದರೆ ಪ್ರಾಣಕ್ಕೇ ಸಂಚಕಾರ. ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸುವುದೇ ಕ್ಷೇಮ. ಮದೀನಾದಲ್ಲಿ ಮದ್ಯನಿಷೇಧವೂ ಒಂದೇ ದಿನದಲ್ಲಿ ಬರಲಿಲ್ಲ, ಹಂತಹಂತವಾಗಿ ಬಂತು. ಅದನ್ನು ಬಲ್ಲ ನಾವು, ವರ್ಷಗಳ ಚಟವನ್ನು ಒಂದೇ ರಾತ್ರಿಯ ತೌಬಾದಲ್ಲಿ ಮುಗಿಸೆಂದು ಹಟ ಹಿಡಿಯುವುದು ಎಷ್ಟು ಸರಿ?

ಇದರರ್ಥ ಅವನಿಗೆ ಹೊಣೆಯೇ ಇಲ್ಲವೆಂದಲ್ಲ. ಮೈಯ ನಡುಕಕ್ಕೆ ಆತ ಹೊಣೆಗಾರನಲ್ಲ; ಬಾಯಿಬಿಟ್ಟು ಹೇಳಿ ನೆರವು ಕೇಳುವ ಹೊಣೆ ಅವನದೇ. ಆದರೆ ಕೇಳಿದರೆ ಮಾನ ಹೋಗುತ್ತದೆಂಬ ಭಯವನ್ನು ಅವನಲ್ಲಿ ಬಿತ್ತಿದವರು ನಾವು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಿವೆ, 14446 ಎಂಬ ಉಚಿತ ಸಹಾಯವಾಣಿಯಿದೆ. ಆದರೆ ಅಲ್ಲಿಗೆ ಹೋಗುವ ದಾರಿ ಮನೆಯಿಂದಲೇ ಶುರುವಾಗಬೇಕು. "ನನ್ನಿಂದ ಬಿಡಲಿಕ್ಕೆ ಆಗವಲ್ದು" ಎಂದು ಆತ ಹೇಳಿದ ದಿನ ನಾವು ಅವನ ಪಕ್ಕದಲ್ಲಿ ಕೂರುತ್ತೇವೋ, ಎದ್ದು ಹೋಗುತ್ತೇವೋ? ಪರೀಕ್ಷೆ ಅವನೊಬ್ಬನದಲ್ಲ.