‘ಬೇಕು’ ಎಂಬ ಮಾತಿನ ಹೊಣೆ

ಬೆಂಗಳೂರಿನಲ್ಲಿ ಜರ್ಮನ್ ಭಾಷೆ ಕಲಿಯುತ್ತಿರುವ ನನ್ನ ಸೋದರಳಿಯನು ಹಬ್ಬಕ್ಕೆಂದು ರತ್ನಗಿರಿಗೆ ಬಂದವನು, ಜಗುಲಿಯ ಮೇಲೆ ಕುಳಿತು ಪಾಠ ಓದುತ್ತಿದ್ದನು. ‘ಇಷ್ ಮ್ಯೋಷ್ಟೆ’ ಎಂಬುದು ಬಯಕೆಯನ್ನು ವಿನಯದಿಂದ ಹೇಳುವ ಮಾತು. ‘ಇಷ್ ವಿಲ್’ ಎಂಬುದು ನಿಶ್ಚಯದ ಮಾತು. ಇಂಗ್ಲಿಷ್ ಬಲ್ಲವರು ಅದನ್ನು ಭವಿಷ್ಯತ್ಕಾಲವೆಂದು ತಪ್ಪು ತಿಳಿಯುವುದುಂಟು. ‘ಇಷ್ ಜೋಲ್’ ಎಂದರೆ ಮತ್ತೊಬ್ಬರ ಅಪೇಕ್ಷೆ ನನ್ನ ಮೇಲಿದೆ ಎಂದರ್ಥ. “ಮಾವ, ಈ ಮೂರಕ್ಕೂ ನಾವು ‘ಬೇಕು’ ಎಂದೇ ಹೇಳುತ್ತೇವಲ್ಲ?” ಎಂದು ಅವನು ಕೇಳಿದನು. ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

‘ನನಗೆ ನೀರು ಬೇಕು’ ಎನ್ನುವಲ್ಲಿ ‘ನಾನು’ ಕರ್ತೃವಲ್ಲ; ಚತುರ್ಥಿಯಲ್ಲಿ ನಿಂತವನು. ನೆರೆಯ ತೆಲುಗಿನ ‘ನಾಕು ನೀಳ್ಳು ಕಾವಾಲಿ’ ಎಂಬುದೂ ಹಾಗೆಯೇ. ಹಸಿವು ಬಾಯಾರಿಕೆಗಳಂತೆ ಬಯಕೆಯೂ ನನಗೆ ಬಂದೊದಗುತ್ತದೆ. ಇದರಲ್ಲೊಂದು ಸತ್ಯವಿದೆ: ಮನಸ್ಸಿನಲ್ಲಿ ಮೂಡಿದ ಬಯಕೆಗೆ ಯಾರೂ ಅಪರಾಧಿಗಳಲ್ಲ. ಆದರೆ ‘ನಾನು ಹೋಗಬೇಕು’ ಎಂದಾಗ ಅದೇ ‘ಬೇಕು’ ಕರ್ತವ್ಯವಾಗುತ್ತದೆ. ಬಯಕೆಗೂ ಕರ್ತವ್ಯಕ್ಕೂ ಒಂದೇ ಪದವಿರುವಲ್ಲಿ, ಬಯಸಿದ್ದನ್ನೇ ಮಾಡಿದ್ದೆಂದು ಎಣಿಸುವ ಅಪಾಯವುಂಟು.

ಜರ್ಮನ್ ತತ್ತ್ವಜ್ಞಾನಿ ಕಾಂಟ್ 1785ರ ತನ್ನ ನೀತಿಗ್ರಂಥದಲ್ಲಿ ಸತ್ಸಂಕಲ್ಪವನ್ನು ಕೇವಲ ಹಾರೈಕೆಯಿಂದ ಬೇರ್ಪಡಿಸಿದನು. ತನಗೆ ಸಾಧ್ಯವಿರುವ ಎಲ್ಲ ಉಪಾಯಗಳನ್ನೂ ಕೂಡಿಸಿಕೊಂಡು ತೊಡಗುವುದೇ ಅವನ ದೃಷ್ಟಿಯಲ್ಲಿ ಸಂಕಲ್ಪ. ಫಲ ಸಿಗದಿದ್ದರೂ ಅದರ ಬೆಲೆ ಕುಂದದು. ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲರು ಕನ್ನಡಕ್ಕೊಂದು ನಿಘಂಟು ಬೇಕೆಂದು ಹಾರೈಸಿ ಕೂರಲಿಲ್ಲ, ದೀರ್ಘಕಾಲ ದುಡಿದರು. 1894ರಲ್ಲಿ ಮಂಗಳೂರಿನಲ್ಲಿ ಅದು ಅಚ್ಚಾಯಿತು.

ಹಾಗೆಂದು ಕನ್ನಡವನ್ನು ದೂಷಿಸುವುದು ಸಲ್ಲದು. ‘ಉಳಿಯಲಿ’ ಎಂಬ ಹಾರೈಕೆ, ‘ಉಳಿಸಬೇಕೆಂದಿದ್ದೇನೆ’ ಎಂಬ ಉದ್ದೇಶ, ‘ಉಳಿಸೋಣ’ ಎಂಬ ಆಹ್ವಾನ, ‘ಉಳಿಸುತ್ತೇನೆ’ ಎಂಬ ವಚನ, ಎಲ್ಲವೂ ನಮ್ಮಲ್ಲಿವೆ. ಯಾವುದನ್ನು ಆರಿಸುತ್ತೇವೆ ಎಂಬುದೇ ನೀತಿಯ ಪ್ರಶ್ನೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮಡಕಶಿರಾ ಅನಂತಪುರ ಜಿಲ್ಲೆಯೊಂದಿಗೇ ಉಳಿಯಿತು. ಅಂದಿನಿಂದ ನಮ್ಮ ವೇದಿಕೆಗಳಲ್ಲಿ ‘ಗಡಿಯಲ್ಲಿ ಕನ್ನಡ ಉಳಿಯಬೇಕು’ ಎಂಬ ವಾಕ್ಯ ಮೊಳಗುತ್ತಿದೆ. ಈ ವಾಕ್ಯದ ಕರ್ತೃ ಯಾರು? ಕನ್ನಡವೇ! ಉಳಿಯುವ ಹೊಣೆಯನ್ನೂ ಅದರ ಹೆಗಲಿಗೇ ಹೊರಿಸಿ, ನಾವು ಶಾಲು ಹೊದ್ದು ಮನೆಗೆ ಮರಳುತ್ತೇವೆ.

ಉದ್ಯೋಗಕ್ಕಾಗಿ ಮಕ್ಕಳನ್ನು ತೆಲುಗು ಅಥವಾ ಇಂಗ್ಲಿಷ್ ಶಾಲೆಗೆ ಕಳುಹಿಸುವ ತಂದೆತಾಯಿಯರನ್ನು ನಾನು ಹಳಿಯಲಾರೆ. ಅವರ ‘ಬೇಕು’ಗಳಲ್ಲಿ ಎಷ್ಟೋ ಇನ್ನೊಬ್ಬರು ಹೊರಿಸಿದ ‘ಜೋಲ್’ಗಳೇ. ಅಸಾಧ್ಯವಾದುದು ಯಾರ ಕರ್ತವ್ಯವೂ ಅಲ್ಲ. ಆದರೆ ಸಾಧ್ಯವಿದ್ದೂ ಮಾಡದಿದ್ದುದಕ್ಕೆ ಏನೆನ್ನಬೇಕು? ನನ್ನ ಮೊಮ್ಮಗನು ತೆಲುಗನ್ನು ಸರಾಗವಾಗಿ ಓದುತ್ತಾನೆ. ನನ್ನೊಡನೆ ಕನ್ನಡದಲ್ಲಿಯೇ ಮಾತನಾಡುತ್ತಾನೆ. ಆದರೆ ಕನ್ನಡ ಓದಲಾರ. ಅವನ ಶಾಲೆಯ ದಾರಿ ನನ್ನ ಕೈಯಲ್ಲಿರಲಿಲ್ಲ, ನಿಜ. ಸಂಜೆಯ ಅರ್ಧಗಂಟೆ ನನ್ನ ಕೈಯಲ್ಲಿತ್ತು. ಎಷ್ಟೋ ಸಭೆಗಳಲ್ಲಿ ‘ಉಳಿಯಬೇಕು’ ಎಂದ ನಾನು ಒಂದು ದಿನವೂ ಅವನನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸಲಿಲ್ಲ.

ಆದುದರಿಂದ ಈ ಸಮ್ಮೇಳನದಲ್ಲಿ ಸಹೃದಯರಲ್ಲಿ ನನ್ನ ವಿನಂತಿ ಇಷ್ಟೇ: ನಿರ್ಣಯಗಳನ್ನು ಮಂಡಿಸುವಾಗ ಕ್ರಿಯಾಪದವನ್ನು ಒಮ್ಮೆ ಪರೀಕ್ಷಿಸೋಣ. ‘ಉಳಿ’ ಎಂಬ ಧಾತುವಿಗೆ ‘ಇಸು’ ಸೇರಿದಾಗ ಉಳಿಸುವವನೊಬ್ಬನು ಬೇಕಾಗುತ್ತಾನೆ. ನನ್ನ ಮಟ್ಟಿಗೆ ವಾಕ್ಯವನ್ನು ತಿದ್ದಿಕೊಂಡಿದ್ದೇನೆ: ಸಮ್ಮೇಳನ ಮುಗಿದ ಮರುದಿನ ಸಂಜೆ ಮೊಮ್ಮಗನಿಗೆ ‘ಅ’ ಕಲಿಸುತ್ತೇನೆ.